ಶನಿವಾರದ ನಾಲ್ಕು ತಾಸು

ಧೂಳು ಒರೆಸಲಿಕ್ಕೆ ರೊಕ್ಕ ಕೊಡ್ತಾರಂದ್ರೆ ಅವ್ವ ನಂಬಲಿಲ್ಲ.
"ಮನ್ಯಾಗ ಬೇಕಾದಷ್ಟು ಅದ, ಒರಸು" ಅಂದಳು.

ಹತ್ತನೇತ್ತೆಯ ನಾಲ್ವರು ನಾವು,
ಕಲಬುರಗಿಯ ಹಳೆಯ ಗುಮ್ಮಟವೊಂದರ ಕೆಳಗಿನ ಮ್ಯೂಸಿಯಮ್ಮಿನಲ್ಲಿ
ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕು ತಾಸು,
ಭಾನುವಾರ ನಾಲ್ಕು;
ತಿಂಗಳಿಗೆ ಎರಡು ಸಾವಿರ, ಹಾಜರಿ ಪಟ್ಟಿಯಲ್ಲಿ ಸಹಿ.
ನನ್ನ ಮೊದಲ ಸಹಿ ಡೊಂಕಾಗಿ ಗೆರೆ ದಾಟಿತು:
ಸುಗಲಾ ಶಾಂತಪ್ಪ ತೇಲಿ.

ಎರಡನೇ ತಿಂಗಳು ವಾಡಿಯಿಂದ ಬಂತು ಒಂದು ತಗಡಿನ ಪೆಟ್ಟಿಗೆ.
ರೈಲ್ವೆ ಕ್ವಾರ್ಟರ್ಸು ಕೆಡವುವಾಗ
ಗೌಂಡಿಯೊಬ್ಬ ಎಸೆಯದೆ ಎತ್ತಿಟ್ಟದ್ದು.
ಒಳಗೆ ಗಾಜಿನ ದೀಪ, ತಳದಲ್ಲಿ ಜಿಡ್ಡು.
ಗೆದ್ದಲು ಮುಟ್ಟಿದ ಡ್ಯೂಟಿ ವಹಿ.
ಬೆರಳುದ್ದದ ಹಿತ್ತಾಳೆ ಕೊಳವೆ,
ಅದರ ಮೇಲೆ ಹಸಿರು ಬಣ್ಣ ಪದರು ಪದರು,
ಬಣ್ಣದ ಮೇಲೆ ಅರಿಷಿಣ.

ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದಿದ್ದರಂತೆ.
ಆಮೇಲೆ ಆ ಮನೆಗೆ ಬಂದವರು
ಏನೆಂದು ತಿಳಿಯದೆ, ದೇವರೇ ಇರಬಹುದು ಅಂತ
ಕೀಳದೆ ಬೊಟ್ಟಿಟ್ಟರು.
ಅವರ ಹೆಸರು ಯಾವ ವಹಿಯಲ್ಲೂ ಇಲ್ಲ.

ಕುಮುದಿನಿ ಮೇಡಂ ಕೈಗವಸು ತೊಡಿಸಿ ಕಲಿಸಿದರು:
ಎತ್ತುವ ಮೊದಲೇ ಎಲ್ಲಿಡುತ್ತಿ ನೋಡಿಕೋ.
ತೂಗು, ಅಳೆ, ಬರೆ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆ.

ಕೊಳವೆಯೊಳಗೆ ಸುರುಳಿ ಸುತ್ತಿದ ತೊಗಲು.
ಎಡಗಡೆಯಿಂದ ಅಕ್ಷರ ಎಣಿಸತೊಡಗಿದೆ.
ಉರ್ದು ಶಾಲೆಯ ಮುಜಮ್ಮಿಲ್ ನಕ್ಕ:
"ಆ ಕಡಿಂದಲ್ಲ, ಈ ಕಡಿಂದ."
ಅವನಿಗೂ ಅದು ಓದಲು ಬಾರದು,
ಎಲ್ಲಿಂದ ಶುರು ಅನ್ನುವುದಷ್ಟೇ ಗೊತ್ತು.
ಅಷ್ಟೂ ನನಗೆ ಗೊತ್ತಿರಲಿಲ್ಲ.

ವಹಿಯ ಹೆಸರು: ಎಲಿಜಾ ನಾಗಾಂವಕರ, ಗಾರ್ಡ್.
ಶುಕ್ರವಾರ ಹಾಜರ್. ಶನಿವಾರದ ಮನೆ ಖಾಲಿ.
ಮತ್ತೊಂದು ವಾರ, ಮತ್ತೆ ಖಾಲಿ,
ಅದೇ ಜಾಗದಲ್ಲಿ ಹಲ್ಲು ಬಿದ್ದ ಬಾಯಿ.
ಭಾನುವಾರ ಎರಡು ಪಾಳಿ.

ಯಹೂದಿಗಳು, ಅಂದರು ಮೇಡಂ.
ಕೊಂಕಣದ ಕಡಲ ದಂಡೆಯವರು, ಮನೆಮಾತು ಮರಾಠಿ,
ರೈಲಿನ ಕೆಲಸ ಹಿಡಿದು ಇಲ್ಲಿತನಕ ಬಂದವರು.
ಅಲ್ಲಿ ಊರ ಮಂದಿ ಅವರನ್ನು ಕರೆಯುತ್ತಿದ್ದದ್ದು
ಶನಿವಾರ ತೇಲಿ:
ಎಣ್ಣೆ ಹಿಂಡುವವರು, ಶನಿವಾರ ಗಾಣ ಕಟ್ಟದವರು.

ನನ್ನ ಪೆನ್ಸಿಲು ನಿಂತಿತು.
ಮುಜಮ್ಮಿಲ್ ನನ್ನ ಕೊರಳಪಟ್ಟಿ ಓದಿ
"ನಿಮ್ಮೋರೇ ಏನ?" ಅಂದ.

ನಮ್ಮೋರಲ್ಲ.
ನಮ್ಮ ಮುತ್ಯಾ ಸೋಮವಾರದ ತೇಲಿ.
ಬಸವನ ವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ,
ಕುಸುಬಿ ಚೀಲ ಬಾಗಿಲಲ್ಲಿ ಬಿದ್ದಿರಲಿ, ಗಿರಾಕಿ ಬೈಯಲಿ.
ಎತ್ತಿನ ಕಣ್ಣಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿ
ಅದರ ಬೆನ್ನು ತಿಕ್ಕುತ್ತಿದ್ದ.
ಈಗ ಮೋಟರು ಅದ. ಮೋಟರಿಗೆ ವಾರ ಇಲ್ಲ.
ನನ್ನ ಮೊದಲ ಪಗಾರ ಅದರ ಬೆಲ್ಟಿಗೆ ಹೋಯಿತು.
ಕಣ್ಣಪಟ್ಟಿ ಇನ್ನೂ ಅದೇ ಗೂಟದಲ್ಲಿ ಅದ,
ಯಾವ ಮ್ಯೂಸಿಯಮ್ಮೂ ಕೇಳಿಲ್ಲ.

ದೀಪದ ಜಿಡ್ಡು ಮೂಸಿದೆ, ಮತ್ತೊಮ್ಮೆ ಮೂಸಿದೆ.
ಕಡಲ ಕಡೆಯ ಕೊಬ್ಬರಿಯಲ್ಲ.
ಗೊತ್ತಿಲ್ಲ ಅಂತ ಬರೆದದ್ದನ್ನು ಅಳಿಸಿ ಬರೆದೆ:
ಕುಸುಬಿ, ಇರಬಹುದು.

ಮುಂದಿನ ವಾರ ಕೇಳಿದೆ:
"ಮೇಡಂ, ಈ ಪೆಟ್ಟಿಗಿ ಶನಿವಾರ ಬ್ಯಾಡ.
ನಾಳಿಗೆ ತೆಗೆಯೋಣ."
"ವಸ್ತುವಿಗೆ ಏನು ಗೊತ್ತು ವಾರ?"
"ಎತ್ತಿಗೂ ಗೊತ್ತಿರಲಿಲ್ರಿ. ಮುತ್ಯಾಗ ಗೊತ್ತಿತ್ತು."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು,
ಬಹಳ ಹೊತ್ತು ಒರೆಸಿದರು.
ಆವತ್ತು ತಾಮ್ರದ ಹಳೆ ದುಡ್ಡು ಎಣಿಸಿದೆವು,
ಎರಡು ಸಲ ಎಣಿಸಿದರೆ ಎರಡು ಲೆಕ್ಕ.
ಕಪಾಟಿನ ಕೆಳಗಿನ ಖಾನೆಯಲ್ಲಿ
ತಗಡಿನ ಪೆಟ್ಟಿಗೆ ರಜೆಯ ಮೇಲಿತ್ತು.

ಸಂಜೆ ಪಟ್ಟಿ ಬಂತು.
ಶನಿವಾರ, ನಾಲ್ಕು ತಾಸು, ಹಾಜರ್.
ಸಹಿ ಮಾಡಿದೆ.
ತೇಲಿ ಅನ್ನುವಲ್ಲಿ ಶಾಯಿ ತುಸು ಹರಡಿತು,
ಎಣ್ಣೆಗೈ ಮುಟ್ಟಿದ ಕಾಗದದಲ್ಲಿ ಹರಡುವ ಹಾಗೆ.